ತೊರೆಯ ನೀರು ಕಾದರೆ ಮೀನು ಎಲ್ಲಿಗೆ ಹೋಗಬೇಕು?

ಕೂಕಲ್ತೊರೈ ಎಂಬ ಹೆಸರಿನಲ್ಲಿಯೇ ತೊರೆಯಿದೆ. ತೊರೆಯ ನೀರು ತಣ್ಣಗಿರುವುದು ಬೆಟ್ಟದ ಮಕ್ಕಳಿಗೆ ವಿಶೇಷವೆನಿಸದು. ಮೀನಿಗಾದರೋ ಆ ತಂಪೇ ಪ್ರಾಣಾಧಾರ. ಅದರ ಲೆಕ್ಕವನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಕಲ್ಲಿದ್ದಲು, ಪೆಟ್ರೋಲುಗಳನ್ನು ಸುಟ್ಟಾಗ ಹುಟ್ಟುವ ಇಂಗಾಲಾಮ್ಲ ವಾಯುವು ಭೂಮಿಯಿಂದ ಹೊರಹೋಗುವ ಶಾಖವನ್ನು ತಡೆದಿಡುತ್ತದೆ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ಸುಮಾರು 315 ಭಾಗವಿದ್ದಿತು. ಈಗ 420ನ್ನು ಮೀರಿದೆ. ಇದರಿಂದ ಜಲಚರಗಳಿಗೆ ಏನಾಗುವುದೆಂದು ತಿಳಿಯಲು ವಿಜ್ಞಾನಿಗಳು ಗಣಿತದ ಮಾದರಿಯನ್ನು ರಚಿಸುತ್ತಾರೆ. ಮಾದರಿಯೆಂದರೆ ಲೆಕ್ಕಗಳ ಸರಪಣಿ: ವಾಯು ಇಷ್ಟು ಹೆಚ್ಚಿದರೆ ಗಾಳಿ ಎಷ್ಟು ಕಾಯುವುದು, ಗಾಳಿ ಕಾದರೆ ನೀರು ಎಷ್ಟು ಕಾಯುವುದು, ಕಾದ ನೀರಿನಲ್ಲಿ ಉಸಿರಾಡಲು ಎಷ್ಟು ಆಮ್ಲಜನಕ ಉಳಿಯುವುದು.

ಉದಕಮಂಡಲದಾಚೆಯ ಅವಲಾಂಚಿಯ ಟ್ರೌಟ್ ಮೀನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 20ನೆಯ ಶತಮಾನದ ಆರಂಭದಲ್ಲಿ ಎಚ್. ಸಿ. ವಿಲ್ಸನ್ ಎಂಬವರು ಹೊರದೇಶದಿಂದ ತರಿಸಿ ಬೆಳೆಸಿದ ಅತಿಥಿ ಅದು. ಅತಿಥಿಯ ಚಿಂತೆ ನಮಗೇಕೆ ಎನ್ನುವವರುಂಟು. ಇಲ್ಲಿಯವೇ ಆದ ಮೀನು, ಕಪ್ಪೆಗಳಿಗೂ ಲೆಕ್ಕದ ದಾರಿ ಇದೇ, ಮಿತಿಯ ಅಂಕೆ ಮಾತ್ರ ಬೇರೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರು ನೀರು ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 20 ಡಿಗ್ರಿಯಲ್ಲಿ 9.1 ಮಾತ್ರ. 2000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದುದರಿಂದ ಇವೆರಡರಲ್ಲಿಯೂ ಸುಮಾರು ಐದರಲ್ಲೊಂದು ಪಾಲನ್ನು ಕಳೆಯಬೇಕು. ಇತ್ತ ನೀರು ಕಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕವು ಹೆಚ್ಚುತ್ತದೆ. ವರಮಾನ ಇಳಿಯುವಾಗಲೇ ಖರ್ಚು ಏರಿದ ಸಂಸಾರದ ಪಾಡು ಅದರದು. 20 ಡಿಗ್ರಿ ದಾಟಿದರೆ ಟ್ರೌಟ್ ಬಳಲುತ್ತದೆ. 25ರ ಸಮೀಪದಲ್ಲಿ ಉಳಿಯುವುದು ಕಷ್ಟ.

ತರಗತಿಯಲ್ಲಿ ಇದನ್ನು ಹೇಳುತ್ತಿದ್ದಾಗ, "ಮೀನು ಮೇಲಣ ತಣ್ಣೀರಿಗೆ ಈಜಿ ಹೋಗಬಾರದೇ, ಸಾರ್?" ಎಂದು ವಿದ್ಯಾರ್ಥಿಯೊಬ್ಬನು ಕೇಳಿದನು. ಮಾದರಿಯೂ ಕೇಳುವುದು ಇದನ್ನೇ. 1000 ಮೀಟರ್ ಏರಿದರೆ ಗಾಳಿಯ ಉಷ್ಣಮಾನವು ಸುಮಾರು 6.5 ಡಿಗ್ರಿ ಇಳಿಯುತ್ತದೆ. ನೀರಿಗೂ ಅಷ್ಟೇ ಎಂದು ಹಿಡಿದರೆ, 2 ಡಿಗ್ರಿ ಕಾದಾಗ ಹಿಂದಿನ ತಂಪನ್ನು ಪಡೆಯಲು ಮೀನು 300 ಮೀಟರಿಗೂ ಹೆಚ್ಚು ಮೇಲೇರಬೇಕು; 2000 ಮೀಟರಿನಲ್ಲಿದ್ದುದು 2300ನ್ನು ದಾಟಬೇಕು. ನಮ್ಮ ದೊಡ್ಡಬೆಟ್ಟದ ತುದಿಯೇ 2637 ಮೀಟರ್! ಅಷ್ಟು ಮೇಲೆ ತೊರೆಯು ನೂಲಿನೆಳೆಯಾಗಿರುತ್ತದೆ. ನಡುವೆ ಅಬ್ಬಿಗಳೂ ಅಣೆಕಟ್ಟುಗಳೂ ಅಡ್ಡವಾಗುತ್ತವೆ.

ಈ ಲೆಕ್ಕದಲ್ಲಿ ನಾವು ನೆರಳನ್ನು ಸೇರಿಸಿಲ್ಲ. ಶೋಲಾ ಕಾಡಿನೊಳಗಣ ನೀರಿಗೂ ತೋಟಗಳ ನಡುವೆ ಬಿಸಿಲಿಗೆ ತೆರೆದ ನೀರಿಗೂ ಒಂದೇ ಅಂಕೆ ಸಲ್ಲದು. ಬರುವ ಏಪ್ರಿಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಈ ಎರಡು ಕಡೆಗಳಲ್ಲಿಯೂ ಶಾಲೆಯ ಉಷ್ಣಮಾಪಕವನ್ನು ಮುಳುಗಿಸಿ, ವ್ಯತ್ಯಾಸವನ್ನು ಮಕ್ಕಳಿಂದಲೇ ಬರೆಯಿಸಲಿದ್ದೇವೆ. ತೊರೆಯಂಚಿನ ಮರಗಳನ್ನು ಪೋಷಕರು ಅಲ್ಲಿಯವರೆಗಾದರೂ ಕಡಿಯದಿರಬೇಕೆಂದು ಪ್ರಾರ್ಥನೆ.