ಲಾವಂಚದ ಬೇರು ಮತ್ತು ಮನೆಯಲ್ಲಿ ಮಾಡತಕ್ಕ ಸುಗಂಧದ ಮಣಿಗಳು

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ಮಳೆಗಾಲವು ಬಂದಿತೆಂದರೆ ಮಣ್ಣಿನ ಗೋಡೆಗಳು ಹಸಿಯಾಗಿ ಮನೆಯೊಳಗೆ ಮುಗ್ಗಲು ವಾಸನೆ ಹಿಡಿಯುವದು. ಹಾನಗಲ್ಲಿನ ಭತ್ತದ ಸೀಮೆಯಲ್ಲಿ ಈ ತೊಂದರೆ ವಿಶೇಷ. ಇದಕ್ಕೆಂದು ಪೇಟೆಯಲ್ಲಿ ಗಾಜಿನಂತೆ ಹೊಳೆಯುವ, ನೀರು ಹೀರಿ ಉಬ್ಬುವ ಪರಿಮಳದ ಗುಂಡುಗಳು ದೊರೆಯುವವು. ಆದರೆ ಅಂಥ ಗುಂಡನ್ನು ಮಗುವು ನುಂಗಿದರೆ ಅದು ಕರುಳಿನಲ್ಲಿ ಉಬ್ಬಿ ಪ್ರಾಣಾಪಾಯವಾಗುವ ಸಂಭವವುಂಟು. ಪರಿಮಳದ ವಸ್ತುವನ್ನು ದಾರದಲ್ಲಿ ಪೋಣಿಸುವದು ಈ ಭಾಗದವರಿಗೆ ಹೊಸದಲ್ಲ. ಹಾವೇರಿಯ ಏಲಕ್ಕಿ ಹಾರವನ್ನು ಅರಿಯದವರಾರು? ಏಲಕ್ಕಿಯನ್ನು ಹೊರಗಿನಿಂದ ತರಬೇಕಾಗುವದು. ಲಾವಂಚವಾದರೋ ಸ್ವಂತ ಹೊಲದಲ್ಲಿಯೇ ಬೆಳೆಯತಕ್ಕದ್ದು.

ಮುಡಿವಾಳವೆಂದೂ ಕರೆಯಲ್ಪಡುವ ಈ ಹುಲ್ಲಿನ ಪರಿಮಳವೆಲ್ಲವೂ ಬೇರಿನಲ್ಲಿರುವದು. ಅದೇ ಬೇರು ನೆಟ್ಟಗೆ ಆಳಕ್ಕಿಳಿದು ಮಣ್ಣನ್ನು ಬಿಗಿಹಿಡಿಯುವದು. ಗುಂಡ್ಲುಪೇಟೆಯ ಸುತ್ತಣ ರೈತರು ಬಹುಕಾಲದಿಂದ ಇದನ್ನು ಹೊಲದ ಮೇರೆಗೆ ನೆಡುತ್ತ ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಅಧಿಕಾರಿಗಳು ಅದನ್ನು ಗಮನಿಸಿ ಮಣ್ಣಿನ ಸಂರಕ್ಷಣೆಗೆ ಈ ಹುಲ್ಲನ್ನು ಅನ್ಯ ದೇಶಗಳಲ್ಲಿಯೂ ಪ್ರಚಾರಕ್ಕೆ ತಂದರು.

ಇಲ್ಲಿಯೇ ಭೂಮಾಲಿಕರು ಎಚ್ಚರದಿಂದಿರಬೇಕು. ಬೇರಿಗೆ ಬೆಲೆಯುಂಟೆಂದು ತಿಳಿದ ಕೂಡಲೇ ಕೆಲವರ ಕಣ್ಣು ಕೆರೆಯ ಏರಿ, ಹಳ್ಳದ ದಂಡೆ ಮತ್ತು ಹೊಲದ ಒಡ್ಡಿನ ಮೇಲಿರುವ ಲಾವಂಚದ ಮೇಲೆ ಬೀಳುವದು. ಬೇರು ಬೇಕಾದರೆ ಗಿಡವನ್ನೇ ಅಗೆದು ತೆಗೆಯಬೇಕು. ಅಗೆದ ಒಡ್ಡು ಮುಂದಿನ ಮಳೆಗೆ ನಿಲ್ಲಲಾರದು. ಲಾವಂಚದ ಎಣ್ಣೆಗೆ ಹೆಸರಾದ ಹೈಟಿ ದೇಶದಲ್ಲಿ ಬಡ ರೈತರು ಹಣದ ಅಡಚಣಿಯಿಂದ ಇಳಿಜಾರಿನ ನೆಲದ ಬೇರನ್ನು ಬಲಿಯುವ ಮೊದಲೇ ಕಿತ್ತು ಮಣ್ಣನ್ನು ಕಳೆದುಕೊಂಡಿರುವರು. ಒಂದು ಒಡ್ಡಿನ ಬೇರಿಗೆ ಬರುವ ಹಣವು ಆ ಒಡ್ಡನ್ನು ತಿರುಗಿ ಕಟ್ಟುವ ಕೂಲಿಗೂ ಸಾಲದು. ಆದುದರಿಂದ ಊರ ಹಿರಿಯರು ಏರಿಯ ಮೇಲೆ ಗುದ್ದಲಿ ಹಾಕಗೊಡಬಾರದು. ಬೇರಿಗಾಗಿ ಸಮನೆಲದಲ್ಲಿ ಬೇರೆಯೇ ಮಡಿಯನ್ನು ಮಾಡತಕ್ಕದ್ದು.

ಈ ಮಡಿಗೆ ಮರಳು ಬೆರೆತ ಮಸಾರಿ ನೆಲ ಉತ್ತಮ. ಸವಣೂರಿನ ಕಡೆಯ ಎರೆ ನೆಲದಲ್ಲಿ ಲಾವಂಚವು ಚೆನ್ನಾಗಿ ಬೆಳೆದರೂ ಬೇರು ಬಿಡಿಸುವ ಕೂಲಿ ಮೈಮೇಲೆ ಬರುವದು; ಅಲ್ಲಿ ಒಡ್ಡಿಗಷ್ಟೇ ನೆಡುವದು ಲೇಸು. ಬೀಜ ಕಟ್ಟದ ದಕ್ಷಿಣದ ಜಾತಿಯನ್ನೇ ಆರಿಸಬೇಕು. ಅದು ಹೊಲವೆಲ್ಲ ಹಬ್ಬುವ ಭಯವಿಲ್ಲ. ಜೂನ್ ಇಲ್ಲವೆ ಜುಲೈ ತಿಂಗಳಲ್ಲಿ ಬುಡದಿಂದ ಬಿಡಿಸಿದ ಸಸಿಗಳನ್ನು ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಸಸಿಯಿಂದ ಸಸಿಗೆ ಒಂದು ಅಡಿ ಅಂತರವಿಟ್ಟು ನೆಡಬೇಕು. ಒಂದು ಗುಂಟೆಗೆ ಸುಮಾರು 700 ಸಸಿಗಳು ಹಿಡಿಯುವವು. ಒಡ್ಡಿನ ಮೇಲಾದರೆ 4ರಿಂದ 6 ಅಂಗುಲಕ್ಕೊಂದರಂತೆ ಒತ್ತಾಗಿ ನೆಡಬೇಕು. ಮಡಿಯ ಬೇರು 15ರಿಂದ 18 ತಿಂಗಳಿಗೆ ಬಲಿಯುವದು; ಎರಡನೆಯ ವರ್ಷದ ಡಿಸೆಂಬರಿನ ಒಣ ದಿವಸಗಳಲ್ಲಿ ಅಗೆಯುವದು ಅನುಕೂಲ.

ಮಣಿ ಮಾಡುವ ಕ್ರಮವು ಸುಲಭ. ಬೇರನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಸಣ್ಣಗೆ ಕತ್ತರಿಸಿ, ಒರಳಿನಲ್ಲಿ ಕುಟ್ಟಿ ತೆಳು ಅರಿವೆಯಿಂದ ಸೋಸಬೇಕು. ಮೇಲುಳಿದ ನಾರನ್ನು ಚೆಲ್ಲದೆ ಬಟ್ಟೆಯ ಪೆಟ್ಟಿಗೆಯಲ್ಲಿ ಇಡಬಹುದು. ಜಾಲಿಯ ಅಂಟನ್ನು ಹಿಂದಿನ ರಾತ್ರಿ ಸ್ವಲ್ಪ ನೀರಿನಲ್ಲಿ ನೆನೆಯಿಟ್ಟು ಸೋಸಿಕೊಂಡು, 8 ಪಾಲು ಪುಡಿಗೆ 1 ಪಾಲು ಅಂಟಿನಂತೆ ಸೇರಿಸಿ, ಚಿಟಿಕೆ ಲವಂಗದ ಪುಡಿಯನ್ನು ಹಾಕಿ ರೊಟ್ಟಿಯ ಹಿಟ್ಟಿನ ಹದಕ್ಕೆ ನಾದಬೇಕು. ಮಣಿ ಬಿರಿದರೆ ಅಂಟು ಕಡಿಮೆಯಾಯಿತೆಂದು ತಿಳಿಯತಕ್ಕದ್ದು. ಬಾರಿಹಣ್ಣಿನ ಗಾತ್ರದ ಉಂಡೆಗಳನ್ನು ಕಟ್ಟಿ, ಹಸಿಯಿರುವಾಗಲೇ ಕಡ್ಡಿಯಿಂದ ತೂತುಮಾಡಿ, ನಾಲ್ಕೈದು ದಿವಸ ನೆರಳಿನಲ್ಲಿ ಆರಿಸಬೇಕು. ಬಿಸಿಲಿಗಿಟ್ಟರೆ ಪರಿಮಳವು ಹಾರಿಹೋಗುವದು.

ಮಣಿಗಳು ಮುಗ್ಗಲಿನ ಮೂಲವನ್ನು ಕಳೆಯಲಾರವು. ದನದ ಕೊಟ್ಟಿಗೆಯ ಮೋರಿಯನ್ನು ಬಳಿದು, ಸೋರುವ ಹಂಚನ್ನು ತಿರುವಿಹಾಕಿ, ಆಮೇಲೆ ಸರವನ್ನು ಮಕ್ಕಳ ಕೈಗೆಟುಕದಂತೆ ತೂಗಹಾಕಬೇಕು. ಬೇಸಿಗೆಯಲ್ಲಿ ನಾಲ್ಕು ಹನಿ ನೀರು ಚಿಮುಕಿಸಿದರೆ ಪರಿಮಳವು ಮತ್ತೆ ಏಳುವದು. ನೀರಿನಲ್ಲಿ ಅದ್ದಿದರೆ ಅಂಟು ಬಿಟ್ಟು ಮಣಿಯು ಒಡೆಯುವದು. ಮಳೆಗಾಲದಲ್ಲಿ ಚಿಮುಕಿಸುವ ಕಾರಣವಿಲ್ಲ. ಮಣಿಯು ಮೆತ್ತಗಾದರೆ ಒಂದು ರಾತ್ರಿ ಒಲೆಯ ಸಮೀಪದ ಗೂಡಿನಲ್ಲಿಟ್ಟು ಆರಿಸಿಕೊಳ್ಳತಕ್ಕದ್ದು.