ಸದ್ದು ಮಾಡುವ ಮಿಕ್ಸಿ, ಸದ್ದಿಲ್ಲದ ಗೀಸರ್

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ವಿದ್ಯುಚ್ಛಕ್ತಿ ಪಾಠದಲ್ಲಿ ಒಂದು ಫ್ರಿಜ್ ಇದೆ. 400 ವ್ಯಾಟ್‌ನದು, ದಿನಕ್ಕೆ 8 ಗಂಟೆ ಓಡುತ್ತದೆ, ಯೂನಿಟ್ ದರ 3 ರೂಪಾಯಿ. 30 ದಿನಕ್ಕೆ ಖರ್ಚೆಷ್ಟು ಎಂಬುದು ಲೆಕ್ಕ. 96 ಯೂನಿಟ್, 288 ರೂಪಾಯಿ ಎಂದು ಬರೆದರೆ ಪೂರ್ತಿ ಅಂಕ. ಮೈಸೂರಿನ ನಮ್ಮ ಅಡುಗೆಮನೆಯ ಫ್ರಿಜ್‌ಗೆ ಅಂಟಿಸಿರುವ ಸ್ಟಾರ್ ಸ್ಟಿಕ್ಕರ್ ಮೇಲೆ ವರ್ಷಕ್ಕೆ 215 ಯೂನಿಟ್ ಎಂದಿದೆ. ಅಂದರೆ ತಿಂಗಳಿಗೆ 18. ಪುಸ್ತಕದ ಒಂದು ಫ್ರಿಜ್ ಕುಡಿಯುವ ಕರೆಂಟಿನಲ್ಲಿ ನಮ್ಮಂಥ ಐದು ಫ್ರಿಜ್ ಓಡಿಸಬಹುದು. ಯೂನಿಟ್‌ಗೆ 3 ರೂಪಾಯಿ ಕೊಡುತ್ತಿದ್ದ ಕಾಲದ ಮಾತಂತೂ ಬೇಡ.

ಲೆಕ್ಕದ ದಾರಿಯಲ್ಲಿ ತಪ್ಪಿಲ್ಲ. ವ್ಯಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್, ಇಷ್ಟೇ ಸೂತ್ರ. ಎಸ್ಸೆಸ್ಸೆಲ್ಸಿ ಓದುತ್ತಿರುವ ನನ್ನ ಮಗಳು ಇದನ್ನು ನಿದ್ದೆಗಣ್ಣಲ್ಲೂ ಮಾಡುತ್ತಾಳೆ. ಆದರೆ ಅವಳ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿಗೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಕೇಳಿದರೆ, "ಅದಕ್ಕೆ ಎಷ್ಟು ವ್ಯಾಟ್ ಅಂತ ಪ್ರಶ್ನೇಲಿ ಕೊಟ್ಟೇ ಇಲ್ವಲ್ಲಮ್ಮ" ಅಂದಳು. ನ್ಯಾಯವಾದ ಮಾತು. ಪರೀಕ್ಷೆಯಲ್ಲಿ ವ್ಯಾಟನ್ನು ಅವರೇ ಕೊಟ್ಟಿರುತ್ತಾರೆ, ಮನೆಯಲ್ಲಿ ನಾವೇ ಹುಡುಕಿಕೊಳ್ಳಬೇಕು.

ಹುಡುಕುವುದು ಕಷ್ಟವಲ್ಲ. ಬಾಗಿಲ ಪಕ್ಕದ ಮೀಟರ್‌ನಲ್ಲಿ ಒಂದು ಕೆಂಪು ದೀಪ ಮಿಟುಕುತ್ತಿರುತ್ತದೆ. ನಮ್ಮ ಮೀಟರ್ ಮೇಲೆ ಯೂನಿಟ್‌ಗೆ 3200 ಮಿಟುಕು ಎಂದು ಅಚ್ಚಾಗಿದೆ. ನಿಮ್ಮದರಲ್ಲಿ ಬೇರೆ ಸಂಖ್ಯೆ ಇರಬಹುದು. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. 3200ರಿಂದ ಭಾಗಿಸಿದರೆ ಒಂದು ಮಿಟುಕಿಗೆ 1125 ಜೂಲ್. ಮನೆಯದ್ದೆಲ್ಲ ಆರಿಸಿ ಒಂದೇ ಒಂದು ಸಾಮಾನು ಹಾಕಿ, ಎರಡು ಮಿಟುಕುಗಳ ನಡುವೆ ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ಅಳೆದು, 1125ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್ ಸಿಕ್ಕಿತು. ಫ್ಯಾನಿಗೆ 15 ಸೆಕೆಂಡು, ಅಂದರೆ 75 ವ್ಯಾಟ್. ಗೀಸರ್ ಹಾಕಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಮಿಟುಕುತ್ತದೆ, ಎಣಿಸುವುದೇ ಕಷ್ಟ. ಮಗಳು ಒಂದು ಭಾನುವಾರ ಇಡೀ ಮನೆಯನ್ನು ಹೀಗೆ ಅಳೆದಳು. ಟ್ಯೂಷನ್ನಿಗೆ ಕೊಟ್ಟ ದುಡ್ಡಿಗಿಂತ ಅದು ಹೆಚ್ಚು ಕೆಲಸ ಮಾಡಿತು ಎಂಬುದು ನನ್ನ ಅಭಿಪ್ರಾಯ. ಅವಳದು ಬೇರೆ ಇರಬಹುದು.

ಎಲ್ಲಕ್ಕಿಂತ ಕುತೂಹಲದ್ದು ಎಲ್ಲ ಆರಿಸಿದ ಮೇಲಿನ ಅಳತೆ. ದೀಪ, ಫ್ಯಾನ್, ಫ್ರಿಜ್ ಯಾವುದೂ ಇಲ್ಲದಿದ್ದರೂ ನಿಮಿಷಕ್ಕೊಂದು ಮಿಟುಕು ಬರುತ್ತಲೇ ಇತ್ತು. ಸುಮಾರು 19 ವ್ಯಾಟ್. ರಿಮೋಟಿನಲ್ಲಿ ಮಾತ್ರ ಆರಿಸಿದ ಟಿವಿ, ಅದರ ಸೆಟ್‌ಟಾಪ್ ಬಾಕ್ಸ್, ವೈಫೈ ಡಬ್ಬಿ. 19 ವ್ಯಾಟ್ ಏನು ಮಹಾ ಎನ್ನಿಸುತ್ತದೆ. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ ಹಾಕಿ ನೋಡಿ: ಹದಿಮೂರೂವರೆ ಯೂನಿಟ್ ಆಯಿತು. ನಮ್ಮ ಫ್ರಿಜ್‌ನ ಮುಕ್ಕಾಲು ಪಾಲು.

ಈಗ ದರ. ಯೂನಿಟ್ ದರದ ಜೊತೆಗೆ ಶೇ 9 ತೆರಿಗೆ, ಮೇಲೆ ಸಣ್ಣಪುಟ್ಟ ಸೇರಿಕೆಗಳು ಇರುವುದರಿಂದ ಮನೆಲೆಕ್ಕಕ್ಕೆ ನಾನು 7 ರೂಪಾಯಿ ಎಂದು ಹಿಡಿಯುತ್ತೇನೆ. ಕಿಲೋವ್ಯಾಟ್‌ಗೆ ಇಷ್ಟು ಎಂದು ಬರುವ ನಿಗದಿತ ಶುಲ್ಕ ಬೇರೆ. ಊರಿಗೆ ಹೋಗಿ ಮನೆಗೆ ಬೀಗ ಹಾಕಿದ್ದರೂ ಅದು ಬರುತ್ತದೆ.

ನಮ್ಮ ಮನೆಗಳಲ್ಲಿ ಕರೆಂಟಿನ ಉಳಿತಾಯ ನಡೆಯುವುದು ಕಣ್ಣು, ಕಿವಿಗಳ ಅಳತೆಯಲ್ಲಿ. ಮಿಕ್ಸಿ ಕಿರುಚುತ್ತದೆ, ಆದ್ದರಿಂದ ಅದು ಕರೆಂಟ್ ತಿನ್ನುತ್ತದೆ. ದೀಪ ಉರಿಯುವುದು ಕಾಣುತ್ತದೆ, ಆದ್ದರಿಂದ ದಂಡ. 750 ವ್ಯಾಟ್‌ನ ಮಿಕ್ಸಿಯಲ್ಲಿ ಐದು ನಿಮಿಷ ಚಟ್ನಿ ರುಬ್ಬಿದರೆ 44 ಪೈಸೆ. 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್‌ಲೈಟ್ ಎರಡು ಗಂಟೆ ಸುಮ್ಮನೆ ಉರಿದರೆ 28 ಪೈಸೆ. ನಮ್ಮ ಅತ್ತೆಯವರು ಈಗಲೂ ಕೋಣೆ ಕೋಣೆಗೂ ಹೋಗಿ ಸ್ವಿಚ್ ಆರಿಸುತ್ತಾರೆ. 60 ವ್ಯಾಟ್‌ನ ಹಳದಿ ಬಲ್ಬಿನ ಕಾಲದಲ್ಲಿ ಕಲಿತದ್ದು, ಆ ಕಾಲಕ್ಕೆ ಸರಿಯಾದದ್ದೇ. ಆದರೆ ಬಚ್ಚಲುಮನೆಯ ಗೀಸರ್ ಬಗ್ಗೆ ಅವರೂ ಮಾತಾಡುವುದಿಲ್ಲ, ನಾನೂ ಮಾತಾಡುತ್ತಿರಲಿಲ್ಲ. ಅದು ಗೋಡೆಯ ಮೇಲೆ ಬೆಳ್ಳಗೆ, ಸದ್ದಿಲ್ಲದೆ ಕೂತಿರುತ್ತದೆ.

ಗೀಸರ್ ಲೆಕ್ಕಕ್ಕೆ ವಿದ್ಯುಚ್ಛಕ್ತಿಯ ಪಾಠಕ್ಕಿಂತ ಉಷ್ಣದ ಪಾಠ ಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4200 ಜೂಲ್. ನಲ್ಲಿಯ ನೀರು 22 ಡಿಗ್ರಿ, ಮೈಗೆ ಹಿತವಾದದ್ದು 40 ಡಿಗ್ರಿ ಎಂದಿಟ್ಟುಕೊಳ್ಳಿ. 20 ಲೀಟರಿನ ಒಂದು ಬಕೆಟ್‌ಗೆ 15 ಲಕ್ಷ ಜೂಲ್ ದಾಟುತ್ತದೆ, ಅಂದರೆ 0.42 ಯೂನಿಟ್, ಹತ್ತಿರ ಹತ್ತಿರ ಮೂರು ರೂಪಾಯಿ. ನಾಲ್ಕು ಜನಕ್ಕೆ ತಿಂಗಳಿಗೆ 50 ಯೂನಿಟ್, 350 ರೂಪಾಯಿ. ಪೈಪಿನಲ್ಲಿ ಆರಿಹೋಗುವ ಬಿಸಿ, ಸ್ವಿಚ್ ಆರಿಸದೆ ಬಿಟ್ಟ ಗೀಸರ್‌ನಿಂದ ಸೋರುವ ಬಿಸಿ ಇದರ ಮೇಲೆ.

2000 ವ್ಯಾಟ್‌ನ ಗೀಸರ್ ತೆಗೆದು 3000 ವ್ಯಾಟ್‌ನ ಇನ್‌ಸ್ಟಂಟ್ ಹಾಕಿಸಿದರೆ ಬಿಲ್ ಏರುತ್ತದೆ ಎಂದು ಹೆದರುವವರು ಬಹಳ. ನೀರಿಗೆ ಬೇಕಾದ ಜೂಲ್ ಅಷ್ಟೇ. ಒಂದು ಬಕೆಟ್‌ಗೆ ಅದು ಹನ್ನೆರಡೂವರೆ ನಿಮಿಷ ತೆಗೆದುಕೊಂಡರೆ ಇದು ಎಂಟೂವರೆ ನಿಮಿಷ. ವೋಲ್ಟೇಜ್ ಕಡಿಮೆಯಿದ್ದಾಗಲೂ ಇದೇ ಕಥೆ. 230ರಿಂದ 200 ವೋಲ್ಟ್‌ಗೆ ಇಳಿದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ 2000 ವ್ಯಾಟ್‌ನ ಗೀಸರ್ ಸುಮಾರು 1500ಕ್ಕೆ ಇಳಿಯುತ್ತದೆ. ಸ್ನಾನ ತಡವಾಗುತ್ತದೆಯೇ ಹೊರತು ದುಡ್ಡು ಉಳಿಯುವುದಿಲ್ಲ.

ನೀರನ್ನು ಬಿಸಿ ಮಾಡುವುದು ಎಷ್ಟು ಭಾರದ ಕೆಲಸ ಎಂಬುದು ನೀರನ್ನು ಎತ್ತುವ ಲೆಕ್ಕದ ಪಕ್ಕದಲ್ಲಿಟ್ಟಾಗ ಕಾಣುತ್ತದೆ. ಸಂಪಿನಿಂದ ಹತ್ತು ಮೀಟರ್ ಮೇಲಿನ ಟ್ಯಾಂಕಿಗೆ ಸಾವಿರ ಲೀಟರ್ ಏರಿಸಲು ಬೇಕಾದದ್ದು 98 ಸಾವಿರ ಜೂಲ್, ಯೂನಿಟ್‌ನ ನೂರರಲ್ಲಿ ಮೂರು ಪಾಲೂ ಇಲ್ಲ. ಮೋಟಾರು ಅದರ ಐದಾರು ಪಟ್ಟು ತಿಂದರೂ ಒಂದು ಬಕೆಟ್ ಬಿಸಿನೀರಿನ ಅರ್ಧಕ್ಕೂ ಬರುವುದಿಲ್ಲ. ತಿರುಗಿಸಿ ನೋಡಿದರೆ ಇನ್ನೂ ಸೊಗಸು. ಜೋಗದ ಎತ್ತರ 253 ಮೀಟರ್. ಒಂದು ಬಕೆಟ್ ಸ್ನಾನದ ಬಿಸಿಗೆ, ಎಲ್ಲೂ ಒಂದು ಹನಿ ಶಕ್ತಿ ಸೋರದಿದ್ದರೂ, 600 ಲೀಟರ್‌ಗೂ ಹೆಚ್ಚು ನೀರು ಜೋಗದಷ್ಟು ಎತ್ತರದಿಂದ ಬೀಳಬೇಕು. 20 ಲೀಟರ್ ಬಿಸಿಯಾಗಲು 600 ಲೀಟರ್! ಮಗಳು ನಂಬದೆ ಎರಡು ಸಲ ಗುಣಿಸಿ ನೋಡಿದಳು.

ಇಷ್ಟೆಲ್ಲ ತಿಳಿದ ಮೇಲೆ ಏನನ್ನು ಕೊಳ್ಳಬೇಕು ಎಂಬ ಪ್ರಶ್ನೆ. ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್‌ನಲ್ಲಿ ಓಡುತ್ತದೆ. ಹಳೆಯದಕ್ಕಿಂತ 45 ವ್ಯಾಟ್ ಕಡಿಮೆ. ದಿನಕ್ಕೆ 12 ಗಂಟೆಯಂತೆ ತಿಂಗಳಿಗೆ 16 ಯೂನಿಟ್, 113 ರೂಪಾಯಿ ಉಳಿತಾಯ. 3000 ರೂಪಾಯಿ ಫ್ಯಾನಿನ ದುಡ್ಡು ಎರಡು ವರ್ಷದ ಮೇಲೆ ಎರಡು ಮೂರು ತಿಂಗಳಲ್ಲಿ ವಾಪಸ್. ಅಂಗಡಿಯವನು ಹೇಳುವ ಲೆಕ್ಕ ಇಷ್ಟು. ಆದರೆ ಕರ್ನಾಟಕದಲ್ಲಿ 2023ರ ಜುಲೈನಿಂದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಇದೆ, ಅಂಗಡಿಯವನ ಲೆಕ್ಕದಲ್ಲಿ ಅದಿಲ್ಲ.

ನಮ್ಮ ಹಿಂದಿನ ಸರಾಸರಿ 150 ಯೂನಿಟ್. ಅದರ ಮೇಲೆ ಶೇ 10 ಸೇರಿ 165ರವರೆಗೆ ನಮಗೆ ಉಚಿತ. ಈಚೆಗೆ ಬಳಕೆ 185ರ ಸುತ್ತ ಇತ್ತು, ಹೆಚ್ಚುವರಿ 20 ಯೂನಿಟ್‌ಗೆ ಮಾತ್ರ ದುಡ್ಡು ಕಟ್ಟುತ್ತಿದ್ದೆವು. ಒಂದು ಫ್ಯಾನ್ ಬದಲಿಸಿದರೆ ಅದರಲ್ಲಿ 16 ಹೋಗುತ್ತದೆ, ಪೂರ್ತಿ 113 ರೂಪಾಯಿ ಉಳಿಯುತ್ತದೆ. ಎರಡನೆಯದನ್ನೂ ಬದಲಿಸಿದರೆ? ಉಳಿಸಲು ಬಾಕಿ ಇರುವುದು ನಾಲ್ಕೇ ಯೂನಿಟ್, 27 ರೂಪಾಯಿ. ಅದರ 3000 ವಾಪಸ್ ಬರಲು ಒಂಬತ್ತು ವರ್ಷ ಮೀರುತ್ತದೆ. ಹಾಗಾಗಿ ಕೊಂಡದ್ದು ಒಂದೇ ಫ್ಯಾನ್. ಉಳಿದ ನಾಲ್ಕು ಯೂನಿಟ್‌ಗೆ 10 ವ್ಯಾಟ್‌ನ ಸೆಟ್‌ಟಾಪ್ ಬಾಕ್ಸ್ ಸಾಕಾಯಿತು. ದಿನಕ್ಕೆ 16 ಗಂಟೆ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿದರೆ 4.8 ಯೂನಿಟ್, ಖರ್ಚು ಸೊನ್ನೆ. ಬಿಲ್ಲೂ ಸೊನ್ನೆ. ದೇಶದ ಕರೆಂಟ್ ಉಳಿಸಲು ಎರಡೂ ಫ್ಯಾನ್ ಬದಲಿಸುವುದೇ ಒಳ್ಳೆಯದು, ಅದು ಬೇರೆ ಲೆಕ್ಕ. ನನ್ನ ಅಂಕಣ ಮನೆಯ ಪರ್ಸಿನದು.

ಕೆಲವರು ಇನ್ನೊಂದು ಗೆರೆಯ ಹತ್ತಿರ ಇರುತ್ತಾರೆ, 200ರ ಗೆರೆ. ಅದನ್ನು ದಾಟಿದರೆ ಹೆಚ್ಚುವರಿಗೆ ಮಾತ್ರವಲ್ಲ, ಇಡೀ ಬಳಕೆಗೆ ಬಿಲ್. ಪೂರ್ತಿ 200 ಉಚಿತವಿದ್ದವರಿಗೆ 201ನೇ ಯೂನಿಟ್‌ನ ನಿಜವಾದ ಬೆಲೆ 1400 ರೂಪಾಯಿಯ ಮೇಲೆ, ನಿಗದಿತ ಶುಲ್ಕ ಬೇರೆ. ಧನುರ್ಮಾಸದಲ್ಲಿ ನಲ್ಲಿಯ ನೀರು 18 ಡಿಗ್ರಿಗೆ ಇಳಿದರೆ ನಾಲ್ಕು ಜನರ ಸ್ನಾನ 50ರಿಂದ 61 ಯೂನಿಟ್‌ಗೆ ಏರುತ್ತದೆ. 192ರಲ್ಲಿದ್ದವರು ಆ ಹನ್ನೊಂದರಲ್ಲೇ ಗೆರೆ ದಾಟಿಬಿಡುತ್ತಾರೆ. ಅಂಥವರು ರೀಡಿಂಗ್‌ಗೆ ಬಂದ ದಿನದ ಅಂಕಿ ಬರೆದಿಟ್ಟುಕೊಂಡು ಮೂರನೇ ವಾರದಲ್ಲಿ ಒಮ್ಮೆ ಮೀಟರ್ ನೋಡುವುದು ಒಳ್ಳೆಯದು. ದಿನಕ್ಕೆ ಆರೂಮುಕ್ಕಾಲಿನ ಹತ್ತಿರ ಓಡುತ್ತಿದ್ದರೆ, ಉಳಿದ ಹತ್ತು ದಿನ ಬಕೆಟ್ಟನ್ನು 20 ಲೀಟರ್‌ಗೆ ಬದಲು 15ಕ್ಕೆ ನಿಲ್ಲಿಸಿದರೆ ನಾಲ್ಕು ಜನರಿಂದ ಐದು ಯೂನಿಟ್ ಕಡಿಮೆಯಾಗುತ್ತದೆ.