ಬಾಗಿಲು ತೆರೆದರೆ ಹೆದರಿಕೆ, ಅಮ್ಮನಿಗೆ ಹೇಳಲು ಇನ್ನೂ ಹೆದರಿಕೆ

ಪ್ರಶ್ನೆ: ನನಗೆ 29 ವರ್ಷ, ಊರು ಸಾಗರದ ಹತ್ತಿರ. ಮೂರು ವರ್ಷದಿಂದ ಅಮೆರಿಕದ ಅರಿಜೋನಾದಲ್ಲಿ ಕೆಲಸ. ಹೋದ ವರ್ಷ ಗೆಳತಿಯರ ಜೊತೆ ಒಮ್ಮೆ ಟ್ಯಾಂಡಮ್ ಸ್ಕೈಡೈವಿಂಗ್ ಮಾಡಿದೆ. ತರಬೇತುದಾರರು ತಮ್ಮ ಎದೆಗೆ ನಮ್ಮನ್ನು ಬಿಗಿದುಕೊಂಡು ಹಾರುವ ಜಿಗಿತ ಅದು. ಆಮೇಲೆ ಒಬ್ಬಳೇ ಹಾರಲು ಕಲಿಯಬೇಕು, ಎ ಲೈಸೆನ್ಸ್ ತೆಗೆದುಕೊಳ್ಳಬೇಕು ಎಂಬ ಆಸೆ ಹತ್ತಿ, ಫೀನಿಕ್ಸ್ ಮತ್ತು ಟೂಸಾನ್ ನಡುವಿನ ಈಲಾಯ್ ಊರಿನಲ್ಲಿ ತರಬೇತಿಗೆ ಸೇರಿದೆ. ಇಬ್ಬರು ತರಬೇತುದಾರರು ಎರಡೂ ಕಡೆ ಹಿಡಿದುಕೊಂಡಿದ್ದ ಮೊದಲ ಮೂರು ಹಂತ ಸಲೀಸಾಗಿ ಮುಗಿದವು. ಒಬ್ಬರೇ ಇರುವ ನಾಲ್ಕನೇ ಹಂತದಲ್ಲಿ ಎರಡು ಸಲ ಫೇಲಾದೆ. ಅವರು ಕೈಬಿಟ್ಟ ಕೂಡಲೇ ದೇಹ ಗಿರ್ರನೆ ತಿರುಗುತ್ತದೆ. ಆವತ್ತಿನಿಂದ ಶುಕ್ರವಾರ ರಾತ್ರಿ ನಿದ್ದೆಯಿಲ್ಲ, ವಿಮಾನದ ಬಾಗಿಲು ತೆರೆದರೆ ಕಾಲು ನಡುಗುತ್ತದೆ. ನನ್ನ ನಂತರ ಸೇರಿದ ಹುಡುಗರು ಮುಂದೆ ಹೋಗಿಬಿಟ್ಟರು. ಕಟ್ಟಿದ ದುಡ್ಡು ಬಹಳ. ಮನೆಯಲ್ಲಿ ಏನೂ ಹೇಳಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಣ್ಣನ ಜೊತೆ ಇದ್ದಾರೆ. ಶನಿವಾರ ಫೋನ್ ಬಂದರೆ ಆಫೀಸಿನಲ್ಲಿದ್ದೇನೆ ಅನ್ನುತ್ತೇನೆ. ಮೊನ್ನೆ, “ಏನೋ ಗಾಳಿ ಸದ್ದು ಕೇಳ್ತದಲ್ಲ ಪುಟ್ಟಿ” ಅಂದರು. ತರಬೇತಿಯ ಫಾರ್ಮಿನಲ್ಲಿ ತುರ್ತು ಸಂಪರ್ಕಕ್ಕೆ ರೂಮ್‌ಮೇಟ್ ನಂಬರ್ ಬರೆದಿದ್ದೇನೆ. ನಾನು ಪುಕ್ಕಲಿಯೇ? ಬಿಟ್ಟುಬಿಡಲೇ? ಮುಂದೆ ಊರಿಗೆ ಮರಳಿದರೆ ಈ ಲೈಸೆನ್ಸ್ ಉಪಯೋಗಕ್ಕಾದರೂ ಬರುತ್ತದೆಯೇ?
– ಹೆಸರು ಬೇಡ, ಅರಿಜೋನಾ

ಉತ್ತರ: ಪುಕ್ಕಲಿಯಾಗಿದ್ದರೆ ನೀವು ಎರಡನೇ ಸಲ ಫೇಲಾಗುತ್ತಲೇ ಇರಲಿಲ್ಲ. ಒಮ್ಮೆ ಗಿರಗಿರ ತಿರುಗಿ ಇಳಿದ ಮೇಲೂ ಮತ್ತೆ ಅದೇ ವಿಮಾನ ಹತ್ತಿದ್ದೀರಿ. ಆ ಪ್ರಶ್ನೆಯನ್ನು ಇಲ್ಲಿಗೆ ಬಿಡೋಣ. ನಿಮ್ಮ ಪತ್ರದಲ್ಲಿ ಬೇರೆ ಬೇರೆ ಮೂರು ಹೆದರಿಕೆಗಳು ಒಂದರ ಮೇಲೊಂದು ಕೂತಿವೆ. ಅವನ್ನು ಬಿಡಿಸಿ ನೋಡಬೇಕು.

ಮೊದಲನೆಯದು ಬೀಳುವ ಹೆದರಿಕೆ. 13 ಸಾವಿರ ಅಡಿ ಎತ್ತರದಲ್ಲಿ ಬಾಗಿಲು ತೆರೆದಾಗ ಕಾಲು ನಡುಗುವುದು ಶರೀರ ಸರಿಯಾಗಿದೆ ಎನ್ನುವುದಕ್ಕೆ ಗುರುತು. ಹಾರುವ ಮೊದಲು ಎದೆಯ ಪಟ್ಟಿ, ಕಾಲಿನ ಪಟ್ಟಿ, ಹಿಡಿಕೆಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುವಂತೆ ಮಾಡುವುದೂ ಇದೇ ಹೆದರಿಕೆ. ಇದನ್ನು ಓಡಿಸಲು ಹೋಗಬೇಡಿ. ಎರಡನೆಯದು ಮರ್ಯಾದೆಯ ಹೆದರಿಕೆ: ಹುಡುಗರು ಮುಂದೆ ಹೋದರು, ದುಡ್ಡು ಕಟ್ಟಿಯಾಗಿದೆ, ಈಗ ಬಿಟ್ಟರೆ ಏನಂದುಕೊಳ್ಳುತ್ತಾರೋ ಎಂಬುದು. ಮೂರನೆಯದನ್ನು ನೀವು ಪತ್ರದ ಕೊನೆಯಲ್ಲಿ, ಅವಸರದಲ್ಲಿ, ಒಂದು ಫಾರ್ಮಿನ ವಿಷಯ ಎಂಬಂತೆ ಹೇಳಿ ಮುಗಿಸಿದ್ದೀರಿ. ನಿಮ್ಮ ಶುಕ್ರವಾರದ ನಿದ್ದೆ ಕದಿಯುತ್ತಿರುವುದು ಅದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ನಾಲ್ಕನೇ ಹಂತದ ಮಾತು.

ನೀವು ಅದನ್ನು ‘ಫೇಲ್’ ಎನ್ನುತ್ತೀರಿ. ನಮ್ಮ ಶಾಲೆಗಳು ನಮಗೆ ಕಲಿಸಿದ ಮಾತು ಅದು. ಈ ತರಬೇತಿಯಲ್ಲಿ ಒಂದು ಹಂತವನ್ನು ಇನ್ನೊಮ್ಮೆ ಹಾರಿಸುವುದು ಮಾಮೂಲು. ಅದರಲ್ಲೂ ಕೈಬಿಡುವ ಹಂತದಲ್ಲಿ ಹಾಗಾಗುವುದು ಇನ್ನೂ ಮಾಮೂಲು. ಇಬ್ಬರು ಹಿಡಿದಿದ್ದಾಗ ನಿಮ್ಮ ಒಂದು ಕಾಲು ಸ್ವಲ್ಪ ಹೆಚ್ಚು ಮಡಚಿದ್ದರೂ ಅವರ ಹಿಡಿತವೇ ಅದನ್ನು ಸರಿದೂಗಿಸುತ್ತಿತ್ತು. ಕೈಬಿಟ್ಟರೆ ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದ ಗಾಳಿಗೆ ಆ ಸಣ್ಣ ವ್ಯತ್ಯಾಸವೇ ಸಾಕು, ದೇಹ ಬುಗುರಿಯಂತೆ ತಿರುಗುತ್ತದೆ. ಹೆದರಿದಾಗ ಎಲ್ಲರೂ ಮಂಡಿಯನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳುತ್ತಾರೆ. ಎರಡೂ ಮಂಡಿ ಒಂದೇ ಅಳತೆಯಲ್ಲಿ ಮಡಚುವುದು ಅಪರೂಪ. ಹಾಗಾಗಿ ತಿರುಗುವುದರ ಮೂಲ ನಿಮ್ಮ ಕಾಲಿನಲ್ಲಿದೆ, ನಿಮ್ಮ ಯೋಗ್ಯತೆಯಲ್ಲಿಲ್ಲ.

ಒಂದು ವಿಷಯ ನೆನಪು ಮಾಡಿಕೊಂಡು ನೋಡಿ. ತಿರುಗುತ್ತಿದ್ದಾಗ ತರಬೇತುದಾರರು ಎದುರು ಬಂದು ಎರಡು ಬೆರಳು ಚಾಚಿ ತೋರಿಸಿದರೇ? ಕಾಲು ಚಾಚು ಎಂದು ಅರ್ಥ. ಹೆಬ್ಬೆರಳು ಕೆಳಗೆ ಮಾಡಿದರೆ ಸೊಂಟ ಮುಂದೆ ತಳ್ಳು ಎಂದು. ಅಂಗೈ ಅಲುಗಿಸಿದರೆ ಮೈ ಸಡಿಲ ಬಿಡು ಎಂದು. ಇದನ್ನೆಲ್ಲ ನೆಲದ ಮೇಲೆ ನಿಮಗೆ ಬಾಯಿಪಾಠ ಮಾಡಿಸಿರುತ್ತಾರೆ. ಮೇಲೆ ಆ ಸನ್ನೆ ಕಂಡು, ಅರ್ಥವಾಗಿ, ಕಾಲು ಮಾತ್ರ ಮಾತು ಕೇಳದಿದ್ದರೆ ಅದು ಅಭ್ಯಾಸದ ಕೊರತೆ. ಸನ್ನೆ ಕಂಡ ನೆನಪೇ ಇಲ್ಲದಿದ್ದರೆ ಆ ಹೊತ್ತಿನಲ್ಲಿ ನಿಮ್ಮ ಮನಸ್ಸು ಅಲ್ಲಿರಲಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ. ಯಾವುದು ಎಂದು ನಿಮ್ಮ ತರಬೇತುದಾರರಿಗೆ ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ‘ಎಲ್ಲ ಸರಿ ಇತ್ತು, ಗೊತ್ತಿಲ್ಲ ಹೇಗಾಯಿತೋ’ ಅಂದುಬಿಟ್ಟರೆ ಅವರು ನಿಮಗೆ ಏನನ್ನು ಕಲಿಸಬೇಕು?

ಅಭ್ಯಾಸದ ಕೊರತೆಯಾದರೆ ದಾರಿ ನಿಮ್ಮ ಕಣ್ಣೆದುರೇ ಇದೆ. ಈಲಾಯ್‌ನಲ್ಲೇ ಲಂಬವಾದ ಗಾಳಿಸುರಂಗ ಇದೆ. ಕೆಳಗಿನಿಂದ ಬೀಸುವ ಗಾಳಿಯ ಮೇಲೆ ದೇಹ ತೇಲುತ್ತದೆ. 13 ಸಾವಿರ ಅಡಿಯಿಂದ ಹಾರಿ ಐದೂವರೆ ಸಾವಿರದಲ್ಲಿ ಪ್ಯಾರಾಚೂಟ್ ಬಿಚ್ಚುವ ವಿದ್ಯಾರ್ಥಿಗೆ ಒಂದು ಜಿಗಿತದಲ್ಲಿ ಸಿಗುವುದು ಮುಕ್ಕಾಲು ನಿಮಿಷದಷ್ಟು ಹೊತ್ತು. ಸುರಂಗದಲ್ಲಿ ಹತ್ತು ನಿಮಿಷ ಕಳೆದರೆ ಹತ್ತಕ್ಕೂ ಹೆಚ್ಚು ಜಿಗಿತದ ಅಭ್ಯಾಸವಾಯಿತು, ಅದೂ ನೆಲ ಮೇಲೇರಿ ಬರುತ್ತಿದೆ ಎಂಬ ಆತಂಕವಿಲ್ಲದೆ. ಮೂರನೇ ಸಲ ನಾಲ್ಕನೇ ಹಂತಕ್ಕೆ ದುಡ್ಡು ಕಟ್ಟುವ ಮೊದಲು ಅಲ್ಲಿಗೆ ಹೋಗಿ. ಮನೆಯಲ್ಲಿ ದಿನಾ ಚಾಪೆಯ ಮೇಲೆ ಬೋರಲು ಮಲಗಿ, ಸೊಂಟ ಒತ್ತಿ, ಎರಡೂ ಪಾದ ಒಂದೇ ಮಟ್ಟದಲ್ಲಿವೆಯೇ ಎಂದು ರೂಮ್‌ಮೇಟ್ ಕೈಲಿ ನೋಡಿಸಿ. ಆದರೆ ತುಂಬಾ ದಿನ ತಳ್ಳಬೇಡಿ. 30 ದಿನ ಹಾರದೆ ಬಿಟ್ಟರೆ ವಿದ್ಯಾರ್ಥಿ ಮತ್ತೆ ತರಬೇತುದಾರರ ಜೊತೆ ನೆನಪು ತಾಜಾ ಮಾಡುವ ಜಿಗಿತ ಹಾರಬೇಕಾಗುತ್ತದೆ.

ಇನ್ನು ಆ ಹುಡುಗರು. ಅವರ ವೇಗವನ್ನು ನೋಡಿ ನಿಮ್ಮನ್ನು ಅಳೆದುಕೊಳ್ಳುವುದು ಈ ವಿದ್ಯೆಯಲ್ಲಿ ಅಪಾಯದ ಅಭ್ಯಾಸ. ಎ ಲೈಸೆನ್ಸ್‌ಗೆ ಅಮೆರಿಕದ ಪ್ಯಾರಾಚೂಟ್ ಸಂಘ ಕೇಳುವುದೇನು? ಕನಿಷ್ಠ 25 ಜಿಗಿತ. ಅದರಲ್ಲಿ ಐದು ಸಲ ಗುರಿಯಿಂದ 20 ಮೀಟರ್ ಒಳಗೆ ಇಳಿದಿರಬೇಕು. ನಿಮ್ಮ ಪ್ಯಾರಾಚೂಟನ್ನು ನೀವೇ ಮಡಚಿ ಕಟ್ಟಲು ಬರಬೇಕು. ಬರೆಯುವ ಪರೀಕ್ಷೆ, ಬಾಯಿಪರೀಕ್ಷೆ, ಕೊನೆಗೆ ಒಂದು ತಪಾಸಣೆ ಜಿಗಿತ. ಬಾಗಿಲಿನಲ್ಲಿ ಕಾಲು ನಡುಗಬಾರದು ಎಂದು ಅದರಲ್ಲಿ ಎಲ್ಲೂ ಇಲ್ಲ. ಗಾಳಿ ಎತ್ತಣಿಂದ ಬೀಸುತ್ತಿದೆ, ಎಷ್ಟು ಎತ್ತರದಲ್ಲಿ ತಿರುಗಬೇಕು, ಇವತ್ತು ಹಾರಬೇಕೋ ಬೇಡವೋ ಎಂದು ಒಬ್ಬಳೇ ತೀರ್ಮಾನಿಸುವ ವಿವೇಕ ಬಂದಿದೆಯೇ ಎಂದಷ್ಟೇ ಅವರು ನೋಡುವುದು. ಈ ಕ್ರೀಡೆಯ ಸಾವುಗಳಲ್ಲಿ ಸಾಕಷ್ಟು, ಪ್ಯಾರಾಚೂಟ್ ಸರಿಯಾಗಿಯೇ ಬಿಚ್ಚಿಕೊಂಡ ಮೇಲೆ, ನೆಲದ ಹತ್ತಿರ ರಭಸವಾಗಿ ತಿರುಗಲು ಹೋಗಿ ಆದವು. ಹಾಗೆ ಹೋದವರಲ್ಲಿ ಅನುಭವಿಗಳೇ ಬಹಳ.

ನೆಲದಲ್ಲಿ ಗಾಳಿ ಗಂಟೆಗೆ 14 ಮೈಲಿ ದಾಟಿದರೆ ವಿದ್ಯಾರ್ಥಿಗಳನ್ನು ಹಾರಲು ಬಿಡಬಾರದು ಎಂಬ ನಿಯಮ ಅಲ್ಲಿದೆ. ಮನಸ್ಸಿಗೂ ಅಂಥದೊಂದು ಮಿತಿ ಇಟ್ಟುಕೊಳ್ಳುವುದು ನಿಮ್ಮ ಹಕ್ಕು. ರಾತ್ರಿಯಿಡೀ ಕಣ್ಣು ಮುಚ್ಚಿಲ್ಲದ ಶನಿವಾರ ಹಾರಬೇಡಿ. ಬಾಗಿಲವರೆಗೆ ಹೋಗಿ ‘ಇವತ್ತು ಬೇಡ’ ಅನ್ನಿಸಿದರೆ ಹಾಗೇ ಹೇಳಿ, ವಿಮಾನದಲ್ಲೇ ಕೂತು ಇಳಿದು ಬನ್ನಿ. ಅದನ್ನು ಕಂಡು ನಗುವ ತರಬೇತುದಾರರಿದ್ದರೆ ಅವರ ಬಳಿ ಕಲಿಯುವುದು ಬೇಡ.

ಈಗ ಅಮ್ಮನ ವಿಷಯ.

ಆ ಫಾರ್ಮು ತುಂಬುವಾಗ ನಿಮ್ಮ ಕೈ ಒಂದು ಕ್ಷಣ ನಿಂತಿರಬೇಕು. ಹಾಳೆ ಹಾಳೆಗೂ ಸಹಿ ಹಾಕಿಸಿಕೊಂಡು, ಸತ್ತರೂ ಕೈಕಾಲು ಮುರಿದರೂ ಹೊಣೆ ನನ್ನದೇ ಎಂದು ಬರೆಸಿಕೊಳ್ಳುವ ಕಾಗದ ಅದು. ಅಲ್ಲಿ ‘ತುರ್ತು ಸಂಪರ್ಕ’ ಎಂಬ ಜಾಗದಲ್ಲಿ ಅಮ್ಮನ ಹೆಸರಾಗಲಿ ಅಣ್ಣನ ಹೆಸರಾಗಲಿ ಬರೆಯಲು ಆಗಲಿಲ್ಲ. ನಿಮಗೇನಾದರೂ ಆದರೆ ಸಾಗರಕ್ಕೆ ಫೋನ್ ಮಾಡಿ ಹೇಳುವ ಕೆಲಸ, ನಿಮ್ಮ ಅಮ್ಮನ ಜೊತೆ ಒಂದು ಮಾತೂ ಆಡಿರದ ಹುಡುಗಿಯ ಮೇಲೆ ಬೀಳುತ್ತದೆ. ಹುಷಾರಾಗಿ ಆಫೀಸಿನಲ್ಲಿದ್ದಾಳೆ ಎಂದುಕೊಂಡಿರುವ ತಾಯಿಗೆ ಆಕೆ ಏನೆಂದು ಹೇಳಬೇಕು? ಈ ಯೋಚನೆಯನ್ನು ನೀವು ಪೂರ್ತಿಯಾಗಿ ಮಾಡಿ ಮುಗಿಸಿಲ್ಲ. ಅರ್ಧಕ್ಕೇ ಬಿಟ್ಟ ಯೋಚನೆ ನಿಮ್ಮ ಜೊತೆ ವಿಮಾನ ಹತ್ತುತ್ತಿದೆ. ಇಬ್ಬರು ಹಿಡಿದಿದ್ದಾಗ ಅದು ಸುಮ್ಮನಿತ್ತು. ಒಬ್ಬಳೇ ಆದ ಕೂಡಲೇ ಎದ್ದು ನಿಂತಿತು. ಇದು ನನ್ನ ಊಹೆಯೇ ಇರಬಹುದು, ಆದರೂ ಮುಂದಿನ ಜಿಗಿತಕ್ಕೆ ಮೊದಲು ಅಮ್ಮನಿಗೆ ಹೇಳಿ ಎಂದು ಒತ್ತಿ ಹೇಳುತ್ತೇನೆ.

ಹೇಳುವುದಕ್ಕೆ ಶನಿವಾರ ಬೇಡ, ಶುಕ್ರವಾರವಂತೂ ಬೇಡ. ವಾರದ ನಡುವೆ, ನಿಮಗೆ ಸಂಜೆ, ಅವರಿಗೆ ಬೆಳಗಿನ ಕಾಫಿಯ ಹೊತ್ತು ಆರಿಸಿಕೊಳ್ಳಿ. ಅಣ್ಣ ಮನೆಯಲ್ಲಿರುವ ಹೊತ್ತಾದರೆ ಒಳ್ಳೆಯದು. ಹಾಗಂತ ಅಣ್ಣನಿಗೆ ಮೊದಲು ಹೇಳಿ ಅವರ ಬಾಯಲ್ಲಿ ಹೇಳಿಸಬೇಡಿ. ಮಗಳ ವಿಷಯ ಎಲ್ಲರಿಗೂ ಗೊತ್ತಾದ ಮೇಲೆ ನನಗೆ ತಿಳಿಯಿತು ಎನ್ನುವ ನೋವು, ನೀವು ಹಾರುವ ಸುದ್ದಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಮೊದಲು ಸುಳ್ಳು ಹೇಳಿದ್ದನ್ನು ಹೇಳಿ, ಆಮೇಲೆ ಸ್ಕೈಡೈವಿಂಗ್ ಬಗ್ಗೆ ಹೇಳಿ. “ಅಮ್ಮಾ, ಶನಿವಾರ ನಾನು ಆಫೀಸಲ್ಲಿ ಇರ್ತಿರಲಿಲ್ಲ. ನೀನು ಗಾಳಿ ಸದ್ದು ಅಂದೆಯಲ್ಲ, ಅದು ನಿಜ” ಎಂದು ಶುರುಮಾಡಿದರೆ ಸಾಕು.

ಅವರ ಮೊದಲ ಪ್ರಶ್ನೆ ಏನಿರುತ್ತದೆ ಎಂದು ನಿಮಗೂ ಗೊತ್ತು: “ಅದು ಬಿಚ್ಚದೇ ಹೋದ್ರೆ?” ಹಾಗೆಲ್ಲ ಆಗಲ್ಲ ಬಿಡಮ್ಮ ಎನ್ನಬೇಡಿ. ವಿಡಿಯೊದಲ್ಲಿ ಚೀಲವನ್ನೇ ತೋರಿಸಿ. ಬೆನ್ನ ಮೇಲೆ ಎರಡು ಪ್ಯಾರಾಚೂಟ್ ಇರುತ್ತವೆ. ದೊಡ್ಡದು ಕೈಕೊಟ್ಟರೆ ಬಲಗಡೆಯ ಹಿಡಿಕೆ ಎಳೆದು ಅದನ್ನು ಕಳಚಿ ಎಸೆಯಬೇಕು, ಎಡಗಡೆಯದನ್ನು ಎಳೆದರೆ ಎರಡನೆಯದು ಬಿಚ್ಚಿಕೊಳ್ಳುತ್ತದೆ. ಆ ಎರಡನೆಯದನ್ನು ಮಡಚುವ ಅಧಿಕಾರ ಪರವಾನಗಿ ಪಡೆದ ರಿಗ್ಗರ್‌ಗೆ ಮಾತ್ರ. ಬಳಸಲಿ ಬಿಡಲಿ, 180 ದಿನಕ್ಕೊಮ್ಮೆ ಬಿಚ್ಚಿ ನೋಡಿ, ಮತ್ತೆ ಮಡಚಿ ಸೀಲ್ ಹಾಕಬೇಕು. ವಿದ್ಯಾರ್ಥಿ ಪ್ರಜ್ಞೆ ತಪ್ಪಿದರೂ, ಗಾಬರಿಯಲ್ಲಿ ಏನೂ ಎಳೆಯದಿದ್ದರೂ, ಸುಮಾರು 750 ಅಡಿಗೆ ಬಂದಾಗ ಒಂದು ಸಣ್ಣ ಯಂತ್ರ ತಾನೇ ಎರಡನೆಯದನ್ನು ಬಿಚ್ಚುತ್ತದೆ. ಜರ್ಮನಿಯಲ್ಲಿ 1991ರಲ್ಲಿ ಬಂದ ಸೈಪ್ರೆಸ್ ಎಂಬ ಯಂತ್ರ ಈ ಕೆಲಸವನ್ನು ನಂಬುವಂತೆ ಮಾಡಿತು. ಎಷ್ಟೋ ಜನ ಅದರಿಂದ ಬದುಕಿ ಉಳಿದಿದ್ದಾರೆ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿ. 2023ರಲ್ಲಿ ಅಮೆರಿಕದಲ್ಲಿ 36 ಲಕ್ಷಕ್ಕೂ ಹೆಚ್ಚು ಜಿಗಿತಗಳಾದವು, ಹತ್ತು ಜನ ಸತ್ತರು. ಸಾವಿಗಿಂತ ಇಳಿಯುವಾಗ ಪಾದದ ಗಂಟು ಮುರಿದುಕೊಳ್ಳುವ ಸಾಧ್ಯತೆ ಬಹಳ ಹೆಚ್ಚು. ಅಪಾಯ ಇಲ್ಲವೇ ಇಲ್ಲ ಎಂದು ಮಗಳು ಹೇಳಿದರೆ ತಾಯಿ ನಂಬುವುದಿಲ್ಲ. ಇಷ್ಟಿದೆ, ಅದಕ್ಕೆ ಹೀಗೆ ತಯಾರಿ ಎಂದರೆ ಒಪ್ಪದಿದ್ದರೂ ಕೇಳಿಸಿಕೊಳ್ಳುತ್ತಾರೆ. ಭಾರತದ ರೇಚಲ್ ಥಾಮಸ್ 2002ರಲ್ಲಿ ಉತ್ತರ ಧ್ರುವದ ಮೇಲೆ ಹಾರಿದರು, ಪದ್ಮಶ್ರೀ ಬಂತು. ಶೀತಲ್ ಮಹಾಜನ್ ಅವರಿಗೂ ಬಂತು. ಅಣ್ಣ ಕೇಳಿದರೆ ಹೇಳಿ, ಅಮ್ಮನ ಅಳುವಿಗೆ ಉತ್ತರವಾಗಿ ಈ ಹೆಸರುಗಳನ್ನು ತರಬೇಡಿ. ಆ ಹೊತ್ತಿನಲ್ಲಿ ಅವರ ಕಣ್ಣಿಗೆ ಕಾಣುವುದು ತಮ್ಮ ಮಗಳೊಬ್ಬಳೇ.

ಅಪ್ಪ ಇದ್ದಿದ್ದರೆ ಬಿಡುತ್ತಿದ್ದರಾ ಎಂದು ಕೇಳಬಹುದು. ಎರಡು ದಿನ ಮಾತು ಬಿಡಬಹುದು. ಮನೆಯ ಒಂದು ಜೀವವನ್ನು ಆಗಲೇ ಕಳೆದುಕೊಂಡಿರುವ ಹೆಂಗಸು ಅವರು, ಆ ಸಿಟ್ಟಿಗೆ ಕಾರಣವಿದೆ. ನೀವು ಅನುಮತಿ ಕೇಳುತ್ತಿಲ್ಲ, 29ರ ವಯಸ್ಸಿನಲ್ಲಿ ಕೇಳಬೇಕಾಗಿಯೂ ಇಲ್ಲ. ಆದರೆ ಆ ಎರಡು ದಿನ ನೀವು ಫೋನ್ ಮಾಡುವುದನ್ನು ನಿಲ್ಲಿಸಬೇಡಿ. ಅವರು ಮಾತಿಗೆ ಬರುವವರೆಗೆ ಹಾರಲೂ ಬೇಡಿ. ಆಮೇಲೆ ಆ ಫಾರ್ಮಿನಲ್ಲಿ ಅಣ್ಣನ ನಂಬರ್ ಸೇರಿಸಿ. ನಿಮ್ಮ ವಿಮೆ ಸ್ಕೈಡೈವಿಂಗ್ ಅಪಘಾತಕ್ಕೆ ಸಲ್ಲುತ್ತದೆಯೇ ಎಂದೂ ಅದೇ ದಿನ ವಿಚಾರಿಸಿ. ಎಷ್ಟೋ ಜೀವವಿಮೆ ಪಾಲಿಸಿಗಳು ಇದನ್ನು ಹೊರಗಿಡುತ್ತವೆ.

ಇಷ್ಟೆಲ್ಲ ಮಾಡಿಯೂ ಬಿಡಬೇಕು ಅನ್ನಿಸಿದರೆ? ಬಾಗಿಲಿನ ಹೆದರಿಕೆಯನ್ನು ನಂಬಿ ಆ ತೀರ್ಮಾನ ಮಾಡಬೇಡಿ. ಇಳಿದ ಮೇಲೆ, ಪ್ಯಾರಾಚೂಟನ್ನು ತೋಳಿನ ಮೇಲೆ ಹಾಕಿಕೊಂಡು ನಡೆದು ಬರುವಾಗ ಮನಸ್ಸು ಏನು ಹೇಳುತ್ತದೆ ನೋಡಿ. ಇನ್ನೊಮ್ಮೆ ಮೇಲೆ ಹೋಗಬೇಕು ಅನ್ನಿಸಿದರೆ ಮುಂದುವರಿಯಿರಿ. ವಾರ ವಾರವೂ ‘ಅಬ್ಬ, ಇವತ್ತಿಗೆ ಮುಗಿಯಿತು’ ಎನ್ನುವುದೊಂದೇ ಉಳಿದರೆ ಕಟ್ಟಿದ ದುಡ್ಡಿನ ಮುಖ ನೋಡದೆ ಬಿಟ್ಟುಬಿಡಿ. ಆ ದುಡ್ಡಿಗೆ ಮೂರು ಹಂತ ಕಲಿತಿದ್ದೀರಿ.

ಊರಿಗೆ ಮರಳಿದರೆ ಲೈಸೆನ್ಸ್‌ನ ಉಪಯೋಗ ಕೇಳಿದ್ದೀರಿ. ಆ ಕಾರ್ಡಿಗೆ ಬೇರೆ ದೇಶಗಳಲ್ಲೂ ಮಾನ್ಯತೆ ಇದೆ. ನಮ್ಮಲ್ಲಿ ಹರಿಯಾಣದ ನಾರ್ನೌಲ್‌ನಂಥ ಕಡೆ ಸಾರ್ವಜನಿಕರಿಗೆ ಸಿಗುವುದು ಹೆಚ್ಚಾಗಿ ಟ್ಯಾಂಡಮ್ ಜಿಗಿತವೇ. ಮೈಸೂರಿನಲ್ಲಿ ಹಿಂದೆ ಶಿಬಿರಗಳು ನಡೆದದ್ದುಂಟು, ಆದರೆ ಅಲ್ಲಿಯಂತೆ ವಾರ ವಾರ ಹೋಗಿ ಹಾರುವ ಅನುಕೂಲ ಕರ್ನಾಟಕದಲ್ಲಿಲ್ಲ. ಎ ಲೈಸೆನ್ಸ್ ಇದ್ದವರೂ 60 ದಿನ ಹಾರದಿದ್ದರೆ ಮತ್ತೆ ಮೇಲ್ವಿಚಾರಣೆಯಲ್ಲಿ ಹಾರಬೇಕು. ಹಾಗಾಗಿ ಊರಿಗೆ ಬರುವ ಯೋಚನೆಯಿದ್ದರೆ ‘ಅಷ್ಟರೊಳಗೆ ಕಾರ್ಡು ಕೈಗೆ ಬರಲಿ’ ಎಂದು ಜಿಗಿತಗಳನ್ನು ಒತ್ತೊತ್ತಾಗಿ ಮುಗಿಸಲು ಹೋಗಬೇಡಿ. ಪ್ರತಿ ಜಿಗಿತವನ್ನೂ ಲಾಗ್‌ಬುಕ್ಕಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ, ನಾಲ್ಕನೇ ಹಂತದ ಆ ಎರಡನ್ನೂ ಸೇರಿಸಿ. 25ರ ಲೆಕ್ಕದಲ್ಲಿ ಅವೂ ಇವೆ.